ಹಿತ್ತಲ ಕಂಪೆನಿ

"ನಿಮ್ಮನ್ನೆಲ್ಲ ಒಬ್ಬಳೇ ತಾಯಿ ಹೆತ್ತಳೇನ್ರಮ್ಮ?" ಎನ್ನುತ್ತ ಪಂಚಾಕ್ಷರಯ್ಯ ಮೇಷ್ಟ್ರು ಪ್ರಬಂಧದ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. "ಎಲ್ಲರಿಗೂ ಹೂದೋಟದಲ್ಲಿ ಅಡ್ಡಾಡೋದೇ ಮೆಚ್ಚಿನ ಮನೋರಂಜನೆ. ಈ ಹೊಳೆನರಸೀಪುರದಲ್ಲಿ ಅಂಥ ಹೂದೋಟ ಎಲ್ಲಿದೆ, ನನಗೂ ತೋರಿಸಿ. ಸಂಜೆ ನಾನೂ ಹೋಗಿಬರ್ತೀನಿ."

ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಚೂಡಾಮಣಿ ನಗಲಿಲ್ಲ. ಹೂದೋಟ ಅವಳದ್ದೂ ಇತ್ತು. ಮಲ್ಲಿಗೆ, ಸಂಪಿಗೆ, ದುಂಬಿಯ ಝೇಂಕಾರ, ಕೊನೆಯ ಸಾಲಿಗೆ ಭಗವಂತನ ಲೀಲೆ. ಹೈಸ್ಕೂಲಿನಲ್ಲಿ ಓದುವ ಅಣ್ಣ ಸಂಪತ್ಕುಮಾರ ಹಿಂದೆ ಬರೆದಿದ್ದನ್ನೇ ಅಷ್ಟು ಹಿಂದುಮುಂದು ಮಾಡಿ ಇಳಿಸಿದ್ದಳು. ಅವನು ಅದನ್ನು ಇನ್ಯಾರಿಂದ ಇಳಿಸಿದ್ದನೋ ದೇವರಿಗೇ ಗೊತ್ತು.

"ಯುದ್ಧದ ಕಾಲ. ಕಾಗದ ಸಿಗೋದೇ ಕಷ್ಟ," ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು. "ಸಿಕ್ಕ ಕಾಗದದ ಮೇಲಾದರೂ ನಿಜ ಬರೀರಿ. ನಿಮ್ಮ ಕಣ್ಣಿಂದ ಕಂಡಿರಬೇಕು. ಕಂಡು ಖುಷಿಪಟ್ಟಿರಬೇಕು. ತಪ್ಪಿದ್ದರೆ ತಿದ್ದೋಕೆ ನಾನಿದ್ದೀನಿ. ಸುಳ್ಳನ್ನ ನಾನು ಹ್ಯಾಗೆ ತಿದ್ದಲಿ?"

ಕಂಡು ಖುಷಿಪಟ್ಟದ್ದು ಯಾವುದೆಂದು ಚೂಡಾಮಣಿಗೆ ಆ ಕ್ಷಣವೇ ಗೊತ್ತಾಗಿತ್ತು. ಅದು ನಡೆಯುತ್ತಿದ್ದದ್ದು ಅವರ ಮನೆಯ ಹಿತ್ತಲಲ್ಲಿ. ಬೇಸಿಗೆಯ ಬೆಳಗಿನ ಸ್ಕೂಲು ಮುಗಿಸಿ ಬಂದು, ಎಲ್ಲರ ಊಟವಾಗಿ, ತಾತ ನಡುಮನೆಯಲ್ಲಿ ಗೊರಕೆ ತೆಗೆದ ಮೇಲೆ. ಆಡುತ್ತಿದ್ದವಳು ಅವಳ ಸೋದರತ್ತೆ ಗೋದಮ್ಮ.

ಗೋದಮ್ಮ ತೀರ ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡಿಗೆಮನೆಯೊಳಕ್ಕೆ ಬಿಟ್ಟಿದ್ದರು. ಹೇಮಾವತಿಯ ದಡದಲ್ಲಿ ನಾಟಕದ ಕಂಪೆನಿ ಡೇರೆ ಹಾಕಿದರೆ ಊರಿಗೆ ಊರೇ ಹೋಗುತ್ತಿತ್ತು. ಚೂಡಾಮಣಿಯ ಅಮ್ಮನೂ ತಾತನ ಕೈಕಾಲು ಹಿಡಿದು ಒಂದು ಸಲ ಹೋಗಿಬಂದಿದ್ದಳು. ಗೋದಮ್ಮ ಹೋಗುವ ಮಾತೇ ಇರಲಿಲ್ಲ. ಆದರೆ ಪಾತ್ರೆ ತಿಕ್ಕುವ ಮಲ್ಲಿಗಮ್ಮ ಒಂದು ಆಟವನ್ನೂ ಬಿಡುತ್ತಿರಲಿಲ್ಲ. ನೆಲದ ಟಿಕೆಟ್ಟಿನಲ್ಲಿ ಮುಂದೆ ಕೂತು ನೋಡುವುದು, ಮಾರನೆಯ ದಿನ ತಪ್ಪಲೆಗೆ ಬೂದಿ ಹಾಕಿ ಉಜ್ಜುತ್ತ ಅಷ್ಟನ್ನೂ ಒಪ್ಪಿಸುವುದು.

"ಮಂತ್ರಿ ಬತ್ತಾನೆ ಕಣವ್ವಾ, ಮೀಸೆ ಅಂದ್ರೆ ಇಷ್ಟುದ್ದ. ಸೀದಾ ರಾಣಿ ತಾವ ಓದೋನೇ, ನಿನ್ ಗಂಡ ಕಾಡ್ನಲ್ಲಿ ಸತ್ತೋದ, ಇನ್ಮ್ಯಾಕೆ ನಾನೇ ರಾಜ ಅಂದ್ಬುಟ್ಟ. ಆಯಮ್ಮ ನಿಂತ್ಕಂಡ್ಳು ನೋಡು..."

"ಹೇಗೆ ನಿಂತಳು?" ಗೋದಮ್ಮ ಕೇಳುತ್ತಿದ್ದಳು.

"ಇಂಗೆ," ಎಂದು ಮಲ್ಲಿಗಮ್ಮ ಬೂದಿಗೈಯನ್ನೇ ಸೊಂಟಕ್ಕೆ ಕೊಟ್ಟು ನಿಲ್ಲುತ್ತಿದ್ದಳು.

"ಇಲ್ಲ ಕಣೆ ಮಲ್ಲಿ. ಗಂಡ ಸತ್ತ ಅಂತ ಕೇಳಿದೋಳು ಸೊಂಟದ ಮೇಲೆ ಕೈಯಿಡಲ್ಲ. ಕೈ ಎಲ್ಲಿಡಬೇಕು ಅನ್ನೋದೇ ಅವಳಿಗೆ ಮರೆತುಹೋಗತ್ತೆ," ಎಂದು ಗೋದಮ್ಮ ತಾನೇ ಎದ್ದು ನಿಂತು ತೋರಿಸುತ್ತಿದ್ದಳು. ಅಲ್ಲಿಂದ ಶುರು.

ಒಗೆಯುವ ಕಲ್ಲಿನ ಮುಂದೆ ಮಲ್ಲಿಗಮ್ಮ ಬೂದಿಯಿಂದ ಒಂದು ಗೆರೆ ಎಳೆಯುವಳು. ಗೆರೆಯಾಚೆ ರಂಗ, ಈಚೆ ನೋಡುವವರು. ಗೋದಮ್ಮ ಮಡಿಯವಳಾದ್ದರಿಂದ ಯಾರೂ ಆ ಗೆರೆ ದಾಟುವಂತಿರಲಿಲ್ಲ. ಮಡಿಗೂ ಆಯಿತು, ನಾಟಕಕ್ಕೂ ಆಯಿತು. ಕಡ್ಡಿಪೊರಕೆ ರಾಜನ ಕತ್ತಿ, ಒಣಗಿದ ಬಾಳೆಪಟ್ಟೆ ಮಂತ್ರಿಯ ಮೀಸೆ. ರಾಜ, ರಾಣಿ, ಮಂತ್ರಿ, ಕುದುರೆ, ಎಲ್ಲ ಒಬ್ಬಳೇ. ಕಂಪೆನಿಯಲ್ಲಿ ರಾಣಿ ಸೆರೆಮನೆಯಲ್ಲಿ ಹಾಡು ಹೇಳಿದರೆ, ಗೋದಮ್ಮನ ರಾಣಿ ಹಾಡುತ್ತಿರಲಿಲ್ಲ. ಸುಮ್ಮನೆ ಕೂತು ನೆಲದ ಮೇಲಿನ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆರಳಾಡಿಸುತ್ತಿದ್ದಳು. ಅಕ್ಕಿ ಇರುತ್ತಿರಲಿಲ್ಲ. ಮಲ್ಲಿಗಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಡೇರೆಯಲ್ಲಿ ತಾನು ನೋಡಿದ್ದು ಇದೇ ಆಟವೋ ಬೇರೆಯೋ ಎಂದು ಅವಳಿಗೇ ಅನುಮಾನ ಬರುತ್ತಿತ್ತು.

ಆಟ ಮುಗಿದ ಮೇಲೆ ಸೆರಗು ತಲೆಗೆಳೆದುಕೊಂಡು ಗೋದಮ್ಮ ಹೇಳುತ್ತಿದ್ದ ಮಾತು ಒಂದೇ. "ಮಗು, ಇದು ಹಿತ್ತಲ ಬಾಗಿಲು ದಾಟಬಾರದು."

ಬರೆಯಲು ಕೂತಾಗ ಚೂಡಾಮಣಿಗೆ ಆ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಲೆಕ್ಕಣಿಕೆಯನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದಳು. ಆದರೆ ಹೂದೋಟ ಬರೆಯುವಾಗ ಹಲ್ಲು ಕೀಳಿಸಿಕೊಂಡಂತೆ ಬರುತ್ತಿದ್ದ ಮಾತುಗಳು ಇವತ್ತು ತಾವಾಗಿಯೇ ಒಂದರ ಹಿಂದೆ ಒಂದು ಬರುತ್ತಿದ್ದವು. ಅಂಥದ್ದು ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಮೇಷ್ಟ್ರು ಒಬ್ಬರು ಓದುತ್ತಾರೆ, ಓದಿ ತಿದ್ದಿ ಕೊಡುತ್ತಾರೆ, ಅಷ್ಟೇ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬರೆದಳು. ಅದರಲ್ಲಿ ಒಂದು ಕಡೆ ಅವಳಿಗೇ ಬಹಳ ಇಷ್ಟವಾಗಿ ಮತ್ತೆ ಮತ್ತೆ ಓದಿಕೊಂಡಳು: "ಅತ್ತೆ ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಬಿಗಿದಳು. ಬೋಳುತಲೆಯ ಮೇಲೆ ಬಿಸಿಲು ಬಿತ್ತು. ಆಗ ಅವಳು ನಮ್ಮತ್ತೆಯಾಗಿ ಕಾಣಲಿಲ್ಲ, ರಾಜನಾಗಿ ಕಂಡಳು."

ಮೇಷ್ಟ್ರು ಅದನ್ನು ತಿದ್ದಲಿಲ್ಲ. ಎದ್ದು ನಿಂತು ಇಡೀ ತರಗತಿಗೆ ಓದಿದರು. ಅವರು ಹರೆಯದಲ್ಲಿ ಊರ ನಾಟಕಗಳಲ್ಲಿ ಪಾರ್ಟು ಮಾಡಿದವರು. ಮಂತ್ರಿಯ ಮಾತನ್ನು ಮಂತ್ರಿಯ ದನಿಯಲ್ಲೇ ಓದಿದರು. ಬೋಳುತಲೆಯ ಸಾಲು ಬಂದಾಗ ಹುಡುಗಿಯರು ಕಿಸಕ್ಕೆಂದರು. ಮುಂದಿನ ಬೆಂಚಿನ ಶಾಂತಕುಮಾರಿ ಹಿಂದಕ್ಕೆ ತಿರುಗಿ, "ನಿಮ್ಮತ್ತೆ ಹಂಗ್ ಮಾಡ್ತಾರೇನೇ?" ಎಂದು ಪಿಸುಗುಟ್ಟಿದಳು. ಚೂಡಾಮಣಿಯೂ ಅವರ ಜೊತೆ ನಕ್ಕಳು. ಮೇಷ್ಟ್ರು ಹೊಗಳಿದ್ದೊಂದೂ ಆಮೇಲೆ ಕಿವಿಗೆ ಬೀಳಲಿಲ್ಲ.

ಅದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಸಂಜೆ ತಾತ ತಿರುನಾರಾಯಣ ಅಯ್ಯಂಗಾರರ ಹಿಂದೆ ತುಳಸಿಯ ಬುಟ್ಟಿ ಹಿಡಿದು ಚೂಡಾಮಣಿ ದೇವಸ್ಥಾನಕ್ಕೆ ಹೋಗುತ್ತಿದ್ದಳು. ಎದುರಿಗೆ ಪಂಚಾಕ್ಷರಯ್ಯ ಮೇಷ್ಟ್ರು ಬಂದರು. ಪಾಪ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಳ್ಳೆಯದನ್ನು ಕಂಡರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಮನುಷ್ಯ.

"ಏನ್ ಸ್ವಾಮಿ, ಹಿತ್ತಲಲ್ಲೇ ಒಂದು ಕಂಪೆನಿ ಇಟ್ಕೊಂಡು ಊರಿಗೆ ತಿಳಿಸದೇ ಇದ್ದೀರಲ್ಲ," ಎಂದು ಅವರು ಬೀದಿಯ ಮಧ್ಯೆಯೇ ಕೈಮುಗಿದರು. "ನಿಮ್ಮ ಮೊಮ್ಮಗಳು ಬರೆದಿದ್ದಾಳೆ, ಇಡೀ ತರಗತಿಗೆ ಓದಿದೆ, ನೀವೂ ಓದಬೇಕು. ನಿಮ್ಮ ಮಗಳು ಪಾತ್ರೆ ತಿಕ್ಕೋಳ ಮುಂದೆ ಸೆರಗು ಸೊಂಟಕ್ಕೆ ಬಿಗಿದು ರಾಜನ ಪಾರ್ಟು ಮಾಡೋ ಕಡೆ ನನಗೇ ಎದ್ದು ಚಪ್ಪಾಳೆ ತಟ್ಟೋಣ ಅನ್ನಿಸಿತು."

ಅಕ್ಕಪಕ್ಕದ ಜಗಲಿಗಳಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿದರು. ತಾತ, "ಹೌದೇ? ಸಂತೋಷ," ಎಂದಷ್ಟೇ ಹೇಳಿ ದೇವಸ್ಥಾನದೊಳಕ್ಕೆ ಹೋದರು. ಅವತ್ತು ತೀರ್ಥಕ್ಕೂ ನಿಲ್ಲದೆ ಹಿಂದಿರುಗಿದರು.

ಮನೆಗೆ ಬಂದವರು ಕಾಲು ತೊಳೆಯಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ನಿಂತರು. ಅವರು ಕೂಗಾಡುವ ಜಾತಿಯಲ್ಲ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದಾಗಲೂ ದನಿ ಎತ್ತಿದವರಲ್ಲ. ಅದೇ ಹೆಚ್ಚು ಹೆದರಿಕೆ.

"ಗೋದು."

ಗೋದಮ್ಮ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಳು.

"ನೀನು ಸೆರಗು ತೆಗೆದು ಕೆಲಸದವಳ ಮುಂದೆ ಕುಣೀತೀಯ ಅಂತ ದೇವಸ್ಥಾನದ ಬೀದೀಲಿ ಕೇಳಿಸಿಕೊಂಡು ಬಂದೆ. ಮಗು ಬರೆದು ಸ್ಕೂಲಲ್ಲಿ ಓದಿಸಿದಾಳಂತೆ. ನಿಜವೇ ಆದರೆ ನಾಳೆ ಬೆಳಗಿನ ಬಸ್ಸಿಗೆ ನಿನ್ನ ಮೈದುನನ ಮನೆಗೆ ಹೊರಡು. ಮಲ್ಲಿ ಇನ್ನು ಈ ಮನೆ ಹೊಸ್ತಿಲು ತುಳಿಯೋದು ಬೇಡ."

ಮೈದುನನ ಮನೆ ಚನ್ನರಾಯಪಟ್ಟಣದಲ್ಲಿತ್ತು. ಗಂಡ ಸತ್ತ ಮೇಲೆ ಕೆಲವು ವರ್ಷ ಗೋದಮ್ಮ ಅಲ್ಲಿದ್ದು ಬಂದಿದ್ದಳು. ಆ ಮನೆಯ ಹೆಸರು ಬಂದರೆ ಈಗಲೂ ಅವಳು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟುಬಿಡುತ್ತಿದ್ದಳು. ಚೂಡಾಮಣಿ ಅತ್ತೆಯ ಕಡೆ ನೋಡಿದಳು. ಅತ್ತೆಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

"ಸುಳ್ಳು ತಾತ," ಚೂಡಾಮಣಿ ಹೇಳಿದಳು. "ಎಲ್ಲಾ ನಾನೇ ಕಟ್ಟಿ ಬರೆದೆ. ಅತ್ತೆ ಏನೂ ಮಾಡಲ್ಲ."

"ಯಾಕೆ ಬರೆದೆ?"

"ಹೆಚ್ಚು ಮಾರ್ಕು ಕೊಡ್ತಾರೆ ಅಂತ."

ತಾತ ಮಗಳ ಕಡೆ ತಿರುಗಿದರು. "ನೀನೇನು ಹೇಳ್ತೀಯ?"

ಗೋದಮ್ಮ ತಡೆದು ಹೇಳಿದಳು. "ಮಗು ಹೇಳಿದ್ದೇ ನಿಜ ಅಪ್ಪ. ನನಗೇನು ಬರತ್ತೆ, ಕುಣಿಯೋದು ಹಾಡೋದು. ನಾನು ನಾಟಕ ಕಂಡವಳೇ?"

"ಹಾಗಾದರೆ ನಾಳೆ ಸ್ಕೂಲಲ್ಲಿ ಎಲ್ಲರ ಮುಂದೆ ಹಾಗೇ ಹೇಳಿ ಬಾ," ಎಂದು ತಾತ ಚೂಡಾಮಣಿಗೆ ಹೇಳಿ ಕಾಲು ತೊಳೆಯಲು ಹೋದರು.

ಮಾರನೆಯ ಬೆಳಗ್ಗೆ ತರಗತಿಯಲ್ಲಿ ಅವಳು ಎದ್ದು ನಿಂತಳು. ತಾನು ಬರೆದದ್ದು ಸುಳ್ಳು, ಅತ್ತೆಗೆ ನಾಟಕ ಗೊತ್ತಿಲ್ಲ, ಅವರು ಯಾವತ್ತೂ ಸೆರಗು ತೆಗೆದದ್ದಿಲ್ಲ ಎಂದು ಒಪ್ಪಿಸಿದಳು. ಮೇಷ್ಟ್ರು ಬೈಯುತ್ತಾರೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

"ಹೌದೇನಮ್ಮ? ಕಟ್ಟಿ ಬರೆದದ್ದೇ? ಹಾಗಾದರೆ ನೀನು ಇನ್ನೂ ಜಾಣೆ. ಇಲ್ಲದ ಮನುಷ್ಯಳನ್ನ ಕಣ್ಣಿಗೆ ಕಟ್ಟೋ ಹಾಗೆ ಬರೆದೆಯಲ್ಲ."

ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಈ ಸಲ ಯಾರೂ ನಗಲಿಲ್ಲ. ಇಲ್ಲದ ಮನುಷ್ಯಳು ಎಂಬ ಮಾತು ಅವಳಿಗೆ ಚುಚ್ಚಿತು. ಹಾಗಲ್ಲ, ಇದ್ದಾಳೆ, ಈಗಲೂ ಮನೆಯಲ್ಲಿ ಒಲೆ ಊದುತ್ತ ಕೂತಿದ್ದಾಳೆ ಎಂದು ಹೇಳಬೇಕೆನ್ನಿಸಿತು. ಮೇಷ್ಟ್ರು ಹಾಳೆಯನ್ನು ಅವಳ ಕೈಗೆ ಕೊಟ್ಟರು. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಚೂರುಚೂರು ಮಾಡಿ ಹೊಳೆಗೆ ಹಾಕಿದಳು.

ಮಧ್ಯಾಹ್ನ ತಾತನ ಗೊರಕೆ ಶುರುವಾಯಿತು. ಚೂಡಾಮಣಿ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ, ದಿನಾ ಕೂರುವ ಜಾಗದಲ್ಲೇ ಕೂತಳು. ಏನಾಗಿದೆಯೆಂಬುದು ಮಲ್ಲಿಗಮ್ಮನಿಗೆ ಗೊತ್ತಿರಲಿಲ್ಲ. ಕಂಪೆನಿಯ ಕೊನೆಯ ಆಟ ನೋಡಿಬಂದವಳಿಗೆ ಹೇಳುವ ಅವಸರ. ತಪ್ಪಲೆಗೆ ಕೈ ಹಾಕುವ ಮೊದಲೇ ಬೂದಿಯ ಗೆರೆ ಎಳೆದುಬಿಟ್ಟಿದ್ದಳು.

"ರಾಜ ಸತ್ತೇ ಇರ್ನಿಲ್ಲ ಕಣವ್ವಾ," ಅವಳು ಶುರುಮಾಡಿದಳು. "ಕೊನೇಗೆ ಬಂದ್ಬುಟ್ಟ. ರಾಣಿ ಸೆರೆಮನೆ ಬಾಗ್ಲಲ್ಲಿ ಅವನ್ನ ನೋಡಿ ಎಂಗೆ ಬಂದ್ಲು ಅಂತೀಯ..."

ಹೇಗೆ ಬಂದಳು ಎಂದು ಗೋದಮ್ಮ ಇವತ್ತು ಕೇಳಲಿಲ್ಲ. "ಪಾತ್ರೆ ತಿಕ್ಕು ಮಲ್ಲಿ. ನನಗ್ಯಾಕೆ ಅದೆಲ್ಲ," ಎಂದಳು.

ಮಲ್ಲಿಗಮ್ಮ ಬಾಯಿ ತೆರೆದವಳು ಹಾಗೇ ಚೂಡಾಮಣಿಯ ಮುಖ ನೋಡಿದಳು. ಚೂಡಾಮಣಿ ತಲೆ ತಗ್ಗಿಸಿದಳು. ಮಲ್ಲಿಗಮ್ಮ ತಪ್ಪಲೆ ಎಳೆದುಕೊಂಡು ಉಜ್ಜತೊಡಗಿದಳು.

"ಅತ್ತೆ, ತಪ್ಪಾಯ್ತು."

ಗೋದಮ್ಮ ಗೋಡೆಗೆ ಒರಗಿಸಿದ್ದ ಕಡ್ಡಿಪೊರಕೆಯನ್ನು ಕೈಗೆ ತೆಗೆದುಕೊಂಡಳು. ಅದರ ಕಟ್ಟು ಸಡಿಲಾಗಿತ್ತು. ಅಂಗೈಗೆ ಕುಟ್ಟಿ ಸರಿಮಾಡಿಕೊಂಡಳು.

"ನಾನು ಮಾಡೋದು ಚೆನ್ನಾಗಿರತ್ತೆ ಅಂತ ಬರೆದಿದ್ದೆಯಾ?"

"ಹೂಂ. ಕಂಪೆನಿಯೋರಿಗಿಂತ ಚೆನ್ನಾಗಿರತ್ತೆ ಅಂತ ಬರೆದಿದ್ದೆ."

ಗೋದಮ್ಮನ ಮುಖ ಒಂದು ಕ್ಷಣ ಅರಳಿತು. ಮುದುಡಿದ್ದು ಆಮೇಲೆ.

"ಅದೂ ಸುಳ್ಳು ಅಂತ ಹೇಳಿ ಬಂದೆಯಾ?"

ಗೋದಮ್ಮ ಚೂಡಾಮಣಿಯ ಬಾಯಿಯನ್ನೇ ನೋಡುತ್ತ ಕಾದಳು. ಆಮೇಲೆ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಬಗ್ಗಿ ಗುಡಿಸತೊಡಗಿದಳು. ಬೇಲಿಯ ಹತ್ತಿರದ ಒಣಗಿದ ಎಲೆ ಗುಡಿಸಿದಳು, ಬಾವಿಯ ಸುತ್ತ ಗುಡಿಸಿದಳು. ಗುಡಿಸುತ್ತ ಗುಡಿಸುತ್ತ ಕಲ್ಲಿನ ಹತ್ತಿರ ಬಂದು, ಬೂದಿಯ ಗೆರೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೂ ಗುಡಿಸಿದಳು.

"ಕಾಲು ಎತ್ತು ಮಗು," ಎಂದಳು.

ಚೂಡಾಮಣಿ ಕಾಲು ಎತ್ತಿದಳು.