ಮುಟ್ಟದೆ ಓದಿದ ಡಿಸ್ಕ್

ಅಫಜಲಪುರದ ಕಾಲೇಜೊಂದರಲ್ಲಿ ಅಂಕ ತಿದ್ದಿದ ಆರೋಪ ಆಪರೇಟರ್ ಲೀಲಾಬಾಯಿಯ ಮೇಲೆ ಬಂದಿತ್ತು. ಕಂಪ್ಯೂಟರಿಗೆ ಸೀಲು ಬಿದ್ದಿತ್ತು. ತಿದ್ದಿದವರು ಯಾರೆಂದು ಅದರ ಡಿಸ್ಕೇ ಹೇಳಬೇಕಿತ್ತು. ಇಲ್ಲದಿದ್ದರೆ ಅವಳ ಕೆಲಸ ಹೋಗುತ್ತಿತ್ತು.

ಗುಲಬರ್ಗಾದಿಂದ ಇಂಜಿನಿಯರ್ ದತ್ತಾತ್ರೇಯ ಬಂದ.

"ಡಿಸ್ಕಿಗೆ ಏನೂ ಆಗಂಗಿಲ್ಲ ಹೌದಲ್ರಿ?" ಎಂದಳು ಲೀಲಾಬಾಯಿ.

"ಬರೇ ಓದ್ತೇನ್ರಿ. ತಿದ್ದಿದ ಆರೋಪ ನಿಮ್ ಮ್ಯಾಲದ, ನನ್ ಮ್ಯಾಲಲ್ಲ ಬಾಯಾರ!" ಎಂದು ನಗುತ್ತ ಅವನು ಡಿಸ್ಕನ್ನು ರೀಡ್-ಓನ್ಲಿ, ಅಂದರೆ ಓದಲು ಮಾತ್ರ, ಎಂದೇ ಮೌಂಟ್ ಮಾಡಿ ತೆರೆದ.

ಹಿಂದೆ ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಬರವಣಿಗೆ, ಮಾಡಬೇಕಾದ ಬದಲಾವಣೆಗಳನ್ನು ಮೊದಲೇ ಟಿಪ್ಪಣಿ ಮಾಡಿಡುವ ಡಿಸ್ಕಿನ ಜರ್ನಲ್‌ನಲ್ಲಿ ಬಾಕಿಯಿತ್ತು. ರೀಡ್-ಓನ್ಲಿ ಎಂದಿದ್ದರೂ ಓದಲು ಕೊಡುವ ಮೊದಲು ಸಿಸ್ಟಂ ಅದನ್ನು ತಾನೇ ಬರೆದು ಮುಗಿಸಿತು. ಸೀಲು ಹಾಕುವಾಗ ತೆಗೆದ, ಒಂದಕ್ಷರ ಬದಲಾದರೂ ಬೇರೆಯಾಗುವ ಗುರುತುಸಂಖ್ಯೆಯಾದ ಚೆಕ್‌ಸಮ್ಮಿಗೆ ಡಿಸ್ಕ್ ಹೊಂದಲಿಲ್ಲ.

"ಡಿಸ್ಕ ಬದಲಾಗ್ಯಾದಲ್ರಿ!" ಎಂದರು ಪ್ರಿನ್ಸಿಪಾಲ್ ಶಾಂತಲಿಂಗಪ್ಪ. ಸಾಕ್ಷ್ಯ ತಿರಸ್ಕೃತವಾಯಿತು.

ಕೆಲ ದಿನಗಳ ಮೇಲೆ ದತ್ತಾತ್ರೇಯ ಮತ್ತೆ ಬಂದು, ಜರ್ನಲ್‌ನಲ್ಲಿ ಬಾಕಿಯಿರುವುದನ್ನು ಬರೆಯದಂತೆ ಹೇಗೆ ಮೌಂಟ್ ಮಾಡಬೇಕಿತ್ತೆಂದು ಮಾಡಿ ತೋರಿಸಿದ. ಈ ಸಲ ಡಿಸ್ಕ್ ಎಳ್ಳಷ್ಟೂ ಬದಲಾಗಲಿಲ್ಲ. ಅದನ್ನು ಮೆಚ್ಚಿ ಚಹಾ ತರಿಸಿದವನು ಲೀಲಾಬಾಯಿಯ ಜಾಗಕ್ಕೆ ಬಂದ ಹೊಸ ಆಪರೇಟರ್, ಶಾಂತಲಿಂಗಪ್ಪನವರ ಅಳಿಯ.