ಬಂಗಾರ ಬಳಿದ ಸಾಗವಾನಿ

ನಾನು ಹಳಿಯಾಳದ ಕಾಡಿನಲ್ಲಿ ಹುಟ್ಟಿದ ಸಾಗವಾನಿ. ತೇಗ ಎಂದರೂ ನಾನೇ. ಅರವತ್ತು ಬೇಸಿಗೆ ಕಂಡ ಮೇಲೆ ನನ್ನನ್ನು ಕಡಿದರು. ಕಡಿದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕೊಂಡವನ ಮೇಲೆ.

ಅವನು ಧಾರವಾಡದ ಅಡಿವೆಪ್ಪ, ಜಮೀನಿನ ದಲ್ಲಾಳಿ. ಓಣಿಯಲ್ಲೇ ದೊಡ್ಡ ಬಾಗಿಲು ತನ್ನ ಹೊಸ ಮನೆಗಿರಬೇಕೆಂದು ನನ್ನನ್ನು ಕಟ್ಟಿಗೆ ಡಿಪೋದಿಂದ ತಂದ. ಮರದ ವಿಷಯದಲ್ಲಿ ಅವನಿಗೆ ತಿಳಿದದ್ದು ಒಂದೇ: ಸಾಗವಾನಿ ಅಂದರೆ ಜನ ಹುಬ್ಬೇರಿಸುತ್ತಾರೆ.

ಬಾಗಿಲು ಮಾಡಲು ಬಂದವನು ಕಾಳಪ್ಪ ಬಡಿಗೇರ. ಹಲಗೆ ಸೀಳಿಸಿ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿದ. ನನ್ನ ಮೈಯಲ್ಲೇ ಎಣ್ಣೆಯಿದೆ. ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಮಳೆ ಬಿಸಿಲಿಗೆ ಅಷ್ಟು ಸುಲಭವಾಗಿ ಸೊಟ್ಟಗಾಗುವವನೂ ನಾನಲ್ಲ. ಉಳಿಗೆ ಸಲೀಸಾಗಿ ಮಣಿಯುತ್ತೇನೆ, ಆದರೆ ಅದನ್ನು ಬೇಗ ಮೊಂಡು ಮಾಡುತ್ತೇನೆ. ಕಾಳಪ್ಪ ಮತ್ತೆ ಮತ್ತೆ ಉಳಿ ಮಸೆದ. ಒಮ್ಮೆಯೂ ನನ್ನನ್ನು ಬೈಯಲಿಲ್ಲ.

ಬಾಗಿಲು ನಿಂತ ದಿನ ಅಡಿವೆಪ್ಪ ಬಂಗಾರದ ಬಣ್ಣದ ಡಬ್ಬಿ ಹಿಡಿದು ಬಂದ. ಈ ಮರ ಬಣ್ಣ ಹಿಡಿಯುವುದು ಕಷ್ಟ, ಎಣ್ಣೆ ಒರೆಸಿದರೆ ಸಾಕು ಎಂದು ಕಾಳಪ್ಪ ತಿಳಿಹೇಳಿದ. ಯಾರು ಕೇಳಬೇಕು? ನನಗೆ ನಾಟಕದ ರಾಜನ ವೇಷ ಹಾಕಿದರು.

ಒಂದೇ ಬೇಸಿಗೆಗೆ ಬಣ್ಣ ಹಪ್ಪಳದಂತೆ ಎದ್ದಿತು. ತಪ್ಪು ತನ್ನದೆನ್ನುವ ಯೋಗ್ಯತೆ ಅಡಿವೆಪ್ಪನಿಗೆಲ್ಲಿ? ಕಾಳಪ್ಪ ಸಾಗವಾನಿ ನುಂಗಿ, ಯಾವುದೋ ಕಾಡುಕಟ್ಟಿಗೆ ಜಡಿದಿದ್ದಾನೆಂದು ಊರೆಲ್ಲ ಸಾರಿದ. ಕುರಿಮಂದೆಯಂಥ ಓಣಿ ನಂಬಿತು. ಮೂವತ್ತು ವರ್ಷ ಉಳಿ ಹಿಡಿದವನನ್ನು ಆಮೇಲೆ ಒಂದು ಸ್ಟೂಲು ಮಾಡಲಿಕ್ಕೂ ಯಾರೂ ಕರೆಯಲಿಲ್ಲ.

ಒಂದು ಮುಂಜಾನೆ ಕಾಳಪ್ಪ ಉಳಿ ಹಿಡಿದು ನನ್ನೆದುರು ಬಂದು ನಿಂತ, ಬಣ್ಣ ಕೆರೆದು ಒಳಗಿನ ಮರ ತೋರಿಸುತ್ತೇನೆಂದ. ಜನ ಸೇರಿದರು. ಬಾಗಿಲು ಮುಟ್ಟಿದರೆ ಪೊಲೀಸರನ್ನು ಕರೆಸುತ್ತೇನೆಂದು ಅಡಿವೆಪ್ಪ ಅಡ್ಡ ನಿಂತ. ಅವನ ತಾಯಿ ನೀಲವ್ವ ಒಳಗಿನಿಂದ ಬಂದಳು.

"ನಿನ್ನ ಮಾತು ಖರೇ ಇದ್ರ ಯಾಕ ಅಂಜತಿ? ಸರಿ ಅತ್ತಾಗ. ಕೆರಿ, ಕಾಳಪ್ಪ."

ಕಾಳಪ್ಪ ಅಂಗೈಯಗಲ ಕೆರೆದ. ಜೇನಿನ ಬಣ್ಣ, ಕಪ್ಪು ಗೆರೆಗಳು, ಹಳೆಯ ಚರ್ಮದಂಥ ವಾಸನೆ. ಡಿಪೋದಲ್ಲಿ ದುಡಿದಿದ್ದ ಮುದುಕನೊಬ್ಬ ಮೂಗು ತಾಗಿಸಿ, ಇದು ಅಪ್ಪಟ ಸಾಗವಾನಿ ಎಂದ. ಓಣಿ ತಲೆ ತಗ್ಗಿಸಿತು.

ಅಡಿವೆಪ್ಪ ತಗ್ಗಿಸಲಿಲ್ಲ. ಹೇಗೂ ಬಂದಿದ್ದೀಯ, ಉಳಿದದ್ದನ್ನೂ ಕೆರೆದು ಹೋಗು ಎಂದ.

ಕಾಳಪ್ಪ ಉಳಿಯನ್ನು ಧೋತರಕ್ಕೆ ಒರೆಸಿಕೊಂಡ. "ಉಳದದ್ದು ನಿಮ್ಮದ ಐತ್ರಿ ಸಾವಕಾರ್ರ. ನೀವ ಕೆರಕೋರಿ."

ಮರುದಿನವೇ ಎದುರುಮನೆಯವರು ಕಿಟಕಿ ಮಾಡಲು ಅವನನ್ನು ಕರೆದರು. ಅಡಿವೆಪ್ಪ ಸಾಯುವವರೆಗೂ ಆ ಹಪ್ಪಳದ ನಡುವೆಯೇ ಓಡಾಡಿದ.

ಮನೆ ಕೆಡವಿದ ಮೇಲೆ ನಾನೀಗ ಹಳೇ ಕಟ್ಟಿಗೆ ಮಾರುವ ಅಂಗಡಿಯಲ್ಲಿ ಗೋಡೆಗೆ ಒರಗಿದ್ದೇನೆ. ಗಿರಾಕಿಗಳು ನನ್ನ ಅವತಾರ ಕಂಡು ಮುಂದೆ ಹೋಗುತ್ತಾರೆ. ಅಂಗಡಿಯವನು ಅವರನ್ನು ಕರೆದು ಕಾಳಪ್ಪ ಕೆರೆದ ಜಾಗ ತೋರಿಸುತ್ತಾನೆ. ನಾನು ಇನ್ನೂ ನೂರು ವರ್ಷ ಬಾಳಬಲ್ಲೆ. ಮಂಚವಾಗಲಿ, ಮೇಜಾಗಲಿ, ತಕರಾರಿಲ್ಲ. ಮೊದಲು ಒಬ್ಬ ಬಡಿಗ ಬಂದು ಮೂಸಿ ನೋಡಲಿ. ಹೆಸರು ಕೇಳಿ ಕೊಳ್ಳುವವರ ಸಹವಾಸ ನನಗೆ ಸಾಕಾಗಿದೆ.