ಮೂರನೆಯ ಕಾಲುಚೀಲ

“ಮೊಮ್ಮಕ್ಕಳು ಇಬ್ಬರು ಅಂತೀರಿ, ಕಾಲುಚೀಲ ನೋಡಿದ್ರೆ ಮೂರು ತಗೊಂಡಿದ್ದೀರಿ. ನಿಮ್ಮ ಲೆಕ್ಕ ಎಲ್ಲೋ ತಪ್ತಿದೆ ಅಕ್ಕ,” ಎಂದಳು ಗಲ್ಲಾದಲ್ಲಿ ಕೂತವಳು.

“ಎರಡೂವರೆ ಅಂತ ಬರ್ಕೋ,” ಎಂದಳು ಬೂಟಕ್ಕ.

ಚಪ್ಪಲಿ ಅಂಗಡಿಯಲ್ಲಿ ಮಕ್ಕಳ ವಿಭಾಗವನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದವಳಾದ್ದರಿಂದ ಅವಳಿಗೆ ಆ ಹೆಸರು. ಡಬ್ಬಿ ಜೋಡಿಸುತ್ತಿದ್ದವರು, ಏಣಿಯ ಮೇಲಿದ್ದವನು, ಎಲ್ಲರೂ ನಕ್ಕರು. ಮಾರನೆಯ ದಿನ ಕ್ರಿಸ್ಮಸ್. ಬೆಳಗಿನಿಂದ ಊರಿನವರೆಲ್ಲರ ಕಾಲು ಹಿಡಿದು ಸುಸ್ತಾಗಿದ್ದ ಮಂದಿ. ನಗುವುದಕ್ಕೆ ಒಂದು ನೆಪ ಸಿಕ್ಕರೆ ಸಾಕಿತ್ತು. ಬೂಟಕ್ಕನೂ ನಕ್ಕಳು. ಬಾಗಿಲು ದಾಟಿ ಬೀದಿಯ ಚಳಿಗೆ ಬಂದ ಮೇಲೆ ಮಾತ್ರ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದೇನು ಮುತ್ತಿನಂಥ ಮಾತೂ ಆಗಿರಲಿಲ್ಲ.

ಆ ‘ಅರ್ಧ’ ಎಂದರೆ ಸೊಸೆಯ ಮಗಳು. ಮಗ ಹೋದ ವರ್ಷ ಮದುವೆಯಾದ. ಮದುವೆಯಾದವಳಿಗೆ ಮೊದಲ ಗಂಡನಿಂದ ಎಂಟು ವರ್ಷದ ಮಗಳಿದ್ದಳು. ಸೊಸೆಯ ಮೇಲೆ ಬೂಟಕ್ಕನಿಗೆ ಯಾವ ತಕರಾರೂ ಇರಲಿಲ್ಲ. ಒಳ್ಳೆಯವಳು, ಬಂದಾಗಲೆಲ್ಲ ಪಾತ್ರೆ ತೊಳೆದಿಟ್ಟೇ ಹೋಗುವವಳು. ಹುಡುಗಿಯ ಮೇಲೂ ತಕರಾರು ಎಂದು ಬಾಯಿಬಿಟ್ಟು ಹೇಳುವಂಥದ್ದೇನಿರಲಿಲ್ಲ. ಆದರೆ ಮಗಳ ಮಕ್ಕಳು ಬಂದರೆ “ಅಜ್ಜಿ, ನೀನು ಸುಮ್ನಿರು” ಎಂದು ಮೈಮೇಲೆ ಬೀಳುತ್ತಿದ್ದರು. ಈ ಹುಡುಗಿ “ನೀವು ಕೂತ್ಕೊಳ್ಳಿ” ಎಂದು ಎದ್ದು ಜಾಗ ಬಿಡುತ್ತಿದ್ದಳು, ಬಸ್ಸಿನಲ್ಲಿ ಗುರುತಿಲ್ಲದ ಮುದುಕಿಗೆ ಬಿಡುವ ಹಾಗೆ. ಅಷ್ಟೊಂದು ಮರ್ಯಾದೆಯನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಬೂಟಕ್ಕನಿಗೆ ತಿಳಿಯುತ್ತಿರಲಿಲ್ಲ.

ಅವಳಿಗೆ ಏನಿಷ್ಟ ಅಂತ ಅವಳನ್ನೇ ಒಂದು ಮಾತು ಕೇಳಮ್ಮ ಎಂದು ಮಗ ಫೋನಿನಲ್ಲಿ ಹೇಳಿದ್ದ. ಕೇಳ್ತೀನಿ ಎಂದಿದ್ದಳು. ಕೇಳಿರಲಿಲ್ಲ. ಹುಡುಗಿ ಬಾಯೇ ಬಿಡುವುದಿಲ್ಲ, ಕೇಳಿದರೂ ‘ಏನಾದ್ರೂ ಪರವಾಗಿಲ್ಲ’ ಅನ್ನುತ್ತಾಳೆ ಎಂದು ತಾನೇ ಪ್ರಶ್ನೆ ಹಾಕಿ, ತಾನೇ ಉತ್ತರ ಹೇಳಿಕೊಂಡು ಮುಗಿಸಿದ್ದಳು.

ಮನೆಗೆ ಬಂದು ಟೀ ಕಾಯಲು ಇಟ್ಟು, ಊಟದ ಮೇಜಿನ ಮೇಲೆ ಮೂರನ್ನೂ ಹರಡಿದಳು. ಹೆಸರೇನೋ ಕಾಲುಚೀಲ, ಕಾಲಿಗೆ ಹಾಕುವಂತಿಲ್ಲ, ಸಂತೆಗೆ ಒಯ್ಯುವಂತಿಲ್ಲ. ಕ್ರಿಸ್ಮಸ್ಸಿಗೆ ಮಕ್ಕಳ ಉಡುಗೊರೆ ತುಂಬಿ ತೂಗುಹಾಕುವಂಥ ಮೊಳದುದ್ದದ ಕೆಂಪು ಉಣ್ಣೆಯವು, ಮೂರೂ ಒಂದೇ ಅಳತೆ.

ಮೊದಲು ದೊಡ್ಡವನದು. ಮಗಳ ಮಗ, ಹದಿನೈದು ತುಂಬಿದವನು. ಮೂಗಿನ ಕೆಳಗೆ ಯಾರೋ ಇದ್ದಿಲು ಒರೆಸಿದ ಹಾಗೆ ಮೀಸೆ ಬರುತ್ತಿತ್ತು. ಅಪ್ಪನ ರೇಜರನ್ನು ಕದ್ದು ಬಳಸಿ ಗಲ್ಲ ಕುಯ್ದುಕೊಂಡಿದ್ದ ಎಂದು ಮಗಳು ನಗುತ್ತ ಹೇಳಿದ್ದಳು. ಅವನಿಗೆಂದೇ ಒಂದು ಒಳ್ಳೆಯ ರೇಜರು, ನೊರೆಯ ಡಬ್ಬಿ, ಸೈಕಲ್ಲಿನ ಹಿಂಬದಿಗೆ ಕೆಂಪು ದೀಪ, ಮೇಲೆ ಒಂದು ಪೊಟ್ಟಣ ಉಪ್ಪು ಹಚ್ಚಿದ ಗೋಡಂಬಿ. ಆಮೇಲೆ ಅವನ ತಂಗಿ, ನಾಲ್ಕು ವರ್ಷದ ಪುಟ್ಟಿಯದು. ಕೀಲಿ ಕೊಟ್ಟರೆ ನಡೆಯುವ ಬಾತುಕೋಳಿ, ಸೋಪಿನ ಗುಳ್ಳೆ ಊದುವ ಶೀಶೆ, ರಬ್ಬರಿನ ಪ್ರಾಣಿಗಳು, ಬೆರಳಿಗೆ ಹಾಕುವ ಬಟ್ಟೆಯ ಬೊಂಬೆ. ಒಂದೊಂದರ ಹಿಂದೆಯೂ ಒಂದೊಂದು ಸಂಜೆಯ ಯೋಚನೆ ಇತ್ತು. ಎರಡೂ ಬಸುರಿಯ ಹೊಟ್ಟೆಯ ಹಾಗೆ ತುಂಬಿ ನಿಂತವು.

ಮೂರನೆಯದಕ್ಕೆ ಪಕ್ಕದಂಗಡಿಯಿಂದ ಅವತ್ತೇ ಗಡಿಬಿಡಿಯಲ್ಲಿ ತಂದಿದ್ದ ಬಣ್ಣದ ಪೆನ್ಸಿಲ್ಲು, ಕೂದಲಿನ ಕ್ಲಿಪ್ಪು, ಒಂದು ಚಾಕೊಲೇಟು. ಹಾಕಿದ ತಕ್ಷಣ ಮೂರೂ ಜಾರಿ ಪಾದದೊಳಗೆ ಬಿದ್ದವು. ಮೇಲಿನದೆಲ್ಲ ಹಾಲು ಬತ್ತಿದ ಕೆಚ್ಚಲಿನ ಹಾಗೆ ಜೋತುಬಿತ್ತು.

ಅಂಗಡಿಗಳು ಇನ್ನೂ ತೆರೆದಿದ್ದವು. ಬೂಟಕ್ಕ ಕಿಟಕಿಯಿಂದ ಬೀದಿಯನ್ನು ನೋಡಿದಳು, ತನ್ನ ನೋಯುವ ಮಂಡಿಯನ್ನು ನೋಡಿಕೊಂಡಳು. ಪುಟ್ಟಿಯ ಚೀಲದಿಂದ ಸೋಪಿನ ಶೀಶೆಯನ್ನು ತೆಗೆದು ಮೂರನೆಯದಕ್ಕೆ ಹಾಕಲು ಹೋದಳು. ಪುಟ್ಟಿಗೆ ಅಂತ ತಂದದ್ದಲ್ಲವೇ ಎಂದು ವಾಪಸು ಇಟ್ಟಳು.

ಹೊಸ ಬೂಟಿನ ತುದಿ ಕುಸಿಯದಿರಲಿ ಎಂದು ಕಂಪನಿಯವರು ಒಳಗೆ ತೆಳು ಕಾಗದದ ಉಂಡೆ ತುರುಕಿರುತ್ತಾರೆ. ಗಿರಾಕಿ ಕಾಲು ಹಾಕುವ ಮುಂಚೆ ಅದನ್ನು ಕಿತ್ತು ಎಸೆಯುವುದು ವಾಡಿಕೆ. ಕಿಟಕಿಯ ಗಾಜು ಒರೆಸಲು ಒಳ್ಳೆಯದೆಂದು ಬೂಟಕ್ಕ ಅದನ್ನು ಮನೆಗೆ ತರುತ್ತಿದ್ದಳು. ಆ ರಾಶಿಯಿಂದ ಒಂದು ತೋಳು ತುಂಬ ತಂದು, ಬಿಗಿಯಾಗಿ ಉಂಡೆ ಮಾಡಿ, ಪಾದದಿಂದ ಮೇಲಿನವರೆಗೆ ತುಂಬಿ, ಕೊನೆಯಲ್ಲಿ ಪೆನ್ಸಿಲ್ಲು, ಕ್ಲಿಪ್ಪು, ಚಾಕೊಲೇಟು ಇಟ್ಟಳು. ನೋಡಿದರೆ ಮೂರರಲ್ಲಿ ಇದೇ ಚಂದವಾಗಿ ಕಂಡಿತು. ಮೇಲೆ ಥಳಕು, ಒಳಗೆ ಹುಳುಕು. ಮಕ್ಕಳು ಮೇಲಿನದ್ದು ತೆಗೆದುಕೊಂಡು ಚೀಲವನ್ನು ಎಲ್ಲೋ ಬಿಸಾಡುತ್ತವೆ, ತಳ ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಟೀ ಕುಡಿದಳು. ಟೀ ಕಾದು ಕಾದು ಕಹಿಯಾಗಿತ್ತು.

ಬೆಳಿಗ್ಗೆ ಮಗಳ ಸಂಸಾರ, ಮಗನ ಸಂಸಾರ ಎರಡೂ ಬಂದವು. ಪುಟ್ಟಿ ತನ್ನ ಕಾಲುಚೀಲವನ್ನು ಬುಡಮೇಲು ಮಾಡಿ ನೆಲಕ್ಕೆ ಸುರಿದಳು. ದೊಡ್ಡವನು ರೇಜರನ್ನು ಕಂಡು ಕಿವಿಯವರೆಗೆ ಕೆಂಪಾದ. ಇನ್ನು ಮೇಲೆ ನಮ್ಮನೇಲಿ ರಕ್ತಪಾತ ನಿಲ್ಲುತ್ತೆ ಎಂದು ಅವನಮ್ಮ ಕಾಲೆಳೆದಳು. ಎಲ್ಲರೂ ನಗುತ್ತಿದ್ದರು. ಸೊಸೆಯ ಮಗಳು ಸೋಫಾದ ತುದಿಯಲ್ಲಿ ಕೂತು, ಒಂದೊಂದಾಗಿ ತೆಗೆದು, ಒಂದೊಂದಕ್ಕೂ ತಲೆಯೆತ್ತಿ “ಥ್ಯಾಂಕ್ಸ್” ಎಂದು ಹೇಳಿ ಮಡಿಲಲ್ಲಿ ಜೋಡಿಸಿಕೊಂಡಳು. ಆಮೇಲೆ ಮೊದಲ ಕಾಗದದ ಉಂಡೆಯನ್ನು ತೆಗೆದಳು.

ಬೂಟಕ್ಕನ ಕೈಯಲ್ಲಿದ್ದ ಕೇಕಿನ ತಟ್ಟೆ ನಿಂತಲ್ಲೇ ನಿಂತಿತು.

ಹುಡುಗಿ ಅದನ್ನು ಎಸೆಯಲಿಲ್ಲ. ಒಳಗೆ ಏನೋ ನಾಜೂಕಿನ ವಸ್ತು ಸುತ್ತಿಟ್ಟಿದ್ದಾರೆ ಎಂಬಂತೆ, ಹರಿಯದ ಹಾಗೆ, ಉಗುರಿನಿಂದ ಪದರ ಪದರವಾಗಿ ಬಿಡಿಸಿದಳು. ಏನೂ ಇರಲಿಲ್ಲ. ಕಾಗದವನ್ನು ತೊಡೆಯ ಮೇಲೆ ಸವರಿ ನೇರ ಮಾಡಿ, ಇನ್ನೊಂದು ಉಂಡೆ ತೆಗೆದಳು. ಅದನ್ನೂ ಹಾಗೆಯೇ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಮೂರನೆಯದನ್ನು ಅರ್ಧ ಬಿಡಿಸಿದವಳು ಕೈ ನಿಲ್ಲಿಸಿದಳು. ಅವಳಿಗೆ ತಿಳಿಯಿತು ಎಂಬುದು ಬೂಟಕ್ಕನಿಗೆ ತಿಳಿಯಿತು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದಳು.

ಹುಡುಗಿ ಬಿಡಿಸಿದ ಕಾಗದಗಳನ್ನು ಮತ್ತೆ ಉಂಡೆ ಮಾಡಿ, ಯಾರೂ ನೋಡದ ಹಾಗೆ ಒಳಗೆ ತಳ್ಳಿದಳು.

“ಇನ್ನೂ ಏನೇನೋ ಇದೆಯಲ್ಲೇ, ತೆಗಿ,” ಎಂದಳು ಎದುರಿಗೆ ಕೂತಿದ್ದ ಅವಳ ತಾಯಿ.

“ಉಳಿದಿದ್ದು ಮನೆಗೆ ಹೋಗಿ ನೋಡ್ತೀನಿ. ಒಂದೇ ಸಲ ಎಲ್ಲ ಮುಗಿಸಬಾರದು.”

ನೋಡಿ ಕಲೀರೋ ಎಂದು ಬೂಟಕ್ಕನ ಮಗಳು ತನ್ನ ಮಕ್ಕಳಿಗೆ ಹೇಳಿದಳು.

ಹುಡುಗಿ ಕಾಲುಚೀಲವನ್ನು ಎದೆಗವಚಿಕೊಂಡು, ಕೋಟುಗಳನ್ನು ನೇತುಹಾಕಿದ್ದ ಓಣಿಯಂಥ ಜಾಗಕ್ಕೆ ಹೋದಳು. ಬೂಟಕ್ಕ ಖಾಲಿ ಲೋಟಗಳನ್ನು ಎತ್ತುವ ನೆಪದಲ್ಲಿ ಹಿಂದೆಯೇ ಹೋದಳು. ನನ್ನ ಮಾನ ಉಳಿಸಿದಳಲ್ಲ ಈ ಮಗು ಎಂಬ ಒಂದೇ ಯೋಚನೆ ತಲೆಯಲ್ಲಿತ್ತು. ಹುಡುಗಿ ಚೀಲವನ್ನು ತಾಯಿಯ ಬ್ಯಾಗಿಗಲ್ಲ, ತನ್ನ ಕೋಟಿನ ತೋಳಿನೊಳಗೆ ತುರುಕುತ್ತಿದ್ದಳು.

“ಅದರೊಳಗೆ ಇನ್ನೇನೂ ಇಲ್ಲ ಮಗು.”

“ಗೊತ್ತು.”

“ಅಂಗಡಿ ಗಲಾಟೇಲಿ...” ಎಂದು ಶುರುಮಾಡಿದವಳಿಗೆ ಮುಂದಿನ ಸುಳ್ಳು ಬಾಯಿಗೆ ಬರಲಿಲ್ಲ. “ನಾನೇ ತುಂಬಿದ್ದು. ತಪ್ಪು ನಂದು. ಈಗಲೇ ಹೋಗಿ ನಿಮ್ಮಮ್ಮನ ಹತ್ರ ಹೇಳಿಬಿಡ್ತೀನಿ.”

“ಬೇಡ, ಹೇಳಬೇಡಿ.” ಹುಡುಗಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದಳು. “ಅಮ್ಮ ನಿನ್ನೆಯಿಂದ ಹೇಳ್ತಾನೇ ಇದ್ಲು, ನೋಡ್ತಿರು, ಅಲ್ಲಿ ನಿಂಗೂ ಒಂದು ಇರುತ್ತೆ ಅಂತ. ಇತ್ತಲ್ಲ. ಅವಳಿಗೆ ಅಷ್ಟು ಸಾಕು.”

ಅಂದರೆ ಉಳಿಸಿದ್ದು ಬೂಟಕ್ಕನ ಮಾನವನ್ನಲ್ಲ. ಆ ಲೆಕ್ಕದಲ್ಲಿ ಬೂಟಕ್ಕ ಇರಲೇ ಇಲ್ಲ. ತಪ್ಪು ಒಪ್ಪಿಕೊಂಡು, ಸೊಸೆಯಿಂದ ನಾಲ್ಕು ಮಾತು ಅನ್ನಿಸಿಕೊಂಡು, ಒಂದಿಷ್ಟು ಅತ್ತು ಹಗುರಾಗುವ ದಾರಿಯೂ ಮುಚ್ಚಿಹೋಗಿತ್ತು. ಮುಚ್ಚಿದವಳು ಒಂಬತ್ತು ವರ್ಷದವಳು, ಅದೂ ನ್ಯಾಯವಾಗಿಯೇ.

“ನಿಂಗೇನು ಇಷ್ಟ ಅಂತ ನಾನು ಕೇಳಬೇಕಿತ್ತು,” ಎಂದಳು. “ಈಗಾದ್ರೂ ಹೇಳು. ನಾಳೆನೇ ತರ್ತೀನಿ.”

“ಈಗ ಬೇಡ,” ಎಂದು ಹುಡುಗಿ ಕೋಟಿನ ತೋಳನ್ನು ಸರಿಮಾಡಿದಳು. ಸಿಟ್ಟಿರಲಿಲ್ಲ, ಕಚೇರಿಯಲ್ಲಿ ಕೆಲಸದಲ್ಲಿ ಮುಳುಗಿದವರು ಬಂದವರನ್ನು ಸಾಗಹಾಕುವ ದನಿ ಅದು.

ಊಟದ ತನಕ ಬೂಟಕ್ಕ ಯಾರ ಕಣ್ಣನ್ನೂ ನೋಡಲಿಲ್ಲ. ಬಡಿಸಿದಳು, ಇನ್ನಷ್ಟು ಹಾಕ್ಕೊಳ್ಳಿ ಎಂದಳು, ಪುಟ್ಟಿಯ ಬಾತುಕೋಳಿಗೆ ಕೇಳಿದಾಗಲೆಲ್ಲ ಕೀಲಿ ಕೊಟ್ಟಳು. ಏನಮ್ಮ, ಒಂಥರಾ ಇದ್ದೀಯ ಎಂದು ಮಗ ಕೇಳಿದ್ದಕ್ಕೆ ಮಂಡಿನೋವಿನ ಮೇಲೆ ಹಾಕಿದಳು. ಮಂಡಿಯೂ ಪಾಪ, ಎರಡು ದಿನದಿಂದ ಎಲ್ಲ ಆಪಾದನೆಯನ್ನೂ ಹೊರುತ್ತಿತ್ತು.

ಊಟವಾದ ಮೇಲೆ ಸೊಸೆ ಎಂದಿನಂತೆ ಪಾತ್ರೆಗೆ ಕೈ ಹಾಕಿದಳು. ಪಕ್ಕದಲ್ಲಿ ಬಟ್ಟೆ ಹಿಡಿದು ಒರೆಸುತ್ತಿದ್ದ ಅತ್ತೆಯ ಕಡೆ ತಿರುಗದೆ, ನೊರೆಯನ್ನೇ ನೋಡುತ್ತ ಮಾತಾಡಿದಳು.

“ಅತ್ತೆ, ಬೆಳಿಗ್ಗೆ ಒಳಗೆ ಬಂದ ತಕ್ಷಣ ನನ್ನ ಕಣ್ಣು ಆ ಕಾಲುಚೀಲಗಳ ಮೇಲೇ ಹೋಯ್ತು. ಮೂರೂ ಒಂದೇ ಸಮ ತುಂಬಿತ್ತು. ನಂಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ.”

ಒಂದು ತಟ್ಟೆಯನ್ನೇ ಬೂಟಕ್ಕ ಒರೆಸುತ್ತಲೇ ಇದ್ದಳು. ನಿಜ ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದಳು. ನುಂಗುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

“ಏನೂ ಹೇಳಬೇಡಮ್ಮ,” ಎಂದಳು. “ದಯವಿಟ್ಟು ಏನೂ ಹೇಳಬೇಡ.”

ಸಂಜೆ ಹೊರಡುವ ಹೊತ್ತಿಗೆ ಎಲ್ಲರೂ ಬಾಗಿಲ ಬಳಿ ನೆರೆದು ಕೋಟು, ಟೋಪಿ, ಚೀಲ ಹುಡುಕತೊಡಗಿದರು. ಸೊಸೆಯ ಮಗಳು ಮೆಟ್ಟಿಲ ಮೇಲೆ ಕೂತು ಬೂಟಿಗೆ ಕಾಲು ತೂರಿಸಲು ಒದ್ದಾಡುತ್ತಿದ್ದಳು. ಬೂಟಕ್ಕ ಬಂದು ಅವಳ ಮುಂದೆ, ನೋಯುವ ಮಂಡಿಯನ್ನೇ ಊರಿ ಕೂತು, ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಂದು ಕೂದಲೆಳೆಯ ಜಾಗವೂ ಇರಲಿಲ್ಲ. ಬೆರಳುಗಳು ಒಳಗೆ ಮಡಚಿಕೊಂಡಿದ್ದವು. ಹುಡುಗಿ ಕಾಲನ್ನು ಎಳೆದುಕೊಳ್ಳಲಿಲ್ಲ. ಅಂಗಡಿಯಲ್ಲಿ ಗಿರಾಕಿ ಕಾಯುವ ಹಾಗೆ, ಬೀದಿಯ ಕಡೆ ನೋಡುತ್ತ, ಒತ್ತಿ ಮುಗಿಯುವವರೆಗೂ ಕಾದಳು. ಆಮೇಲೆ ಲಾಡಿಯನ್ನು ತಾನೇ ಬಿಗಿದುಕೊಂಡು, ಹೆಗಲ ಮೇಲೆ ಹೊದ್ದ ಕೋಟಿನ, ಕಾಲುಚೀಲದಿಂದ ಉಬ್ಬಿದ ತೋಳನ್ನು ಒಂದು ಕೈಯಿಂದ ಹಿಡಿದು ಮೆಟ್ಟಿಲಿಳಿದಳು.